ಎಎನ್‌ಎ ‘ಪಾಸಿಟಿವ್’ ಎಂದು ಬಂದ ವರದಿಯನ್ನು ಓದುವ ಬಗೆ

ಕೀಲುನೋವು ತಿಂಗಳಾದರೂ ಇಳಿಯದಿದ್ದಾಗ, ಬಿಸಿಲಿಗೆ ಹೋಗಿ ಬಂದ ಮೇಲೆ ಕೆನ್ನೆಯ ಮೇಲೆ ಕೆಂಪು ದದ್ದು ಮೂಡಿದಾಗ, ಅಥವಾ ಕಾರಣ ತಿಳಿಯದ ದಣಿವು ಬೆನ್ನು ಬಿಡದಿದ್ದಾಗ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಎಎನ್‌ಎ (ಆ್ಯಂಟಿ ನ್ಯೂಕ್ಲಿಯರ್ ಆ್ಯಂಟಿಬಾಡಿ) ಎಂಬ ಹೆಸರು ಈಗ ಸಾಮಾನ್ಯವಾಗಿದೆ. ವರದಿ ಮೊದಲು ತಲುಪುವುದು ರೋಗಿಯ ಮೊಬೈಲಿಗೆ. ವೈದ್ಯರನ್ನು ಮತ್ತೆ ಕಾಣುವುದು ಕೆಲವು ದಿನಗಳ ನಂತರ. ಆ ನಡುವಿನ ದಿನಗಳಲ್ಲಿ ‘ಪಾಸಿಟಿವ್’ ಎಂಬ ಒಂದೇ ಪದವನ್ನು ಹಿಡಿದುಕೊಂಡು ಮನೆಮಂದಿಯೆಲ್ಲ ನಿದ್ದೆಗೆಡುವುದುಂಟು. ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಹಾನಿಯೂ ಇದೆ: ‘ನೆಗೆಟಿವ್’ ಎಂಬ ಪದವನ್ನು ನಂಬಿಕೊಂಡು, ಊದಿದ ಬೆರಳುಗಳ ನೋವನ್ನು ವರ್ಷಗಟ್ಟಲೆ ಮಾತ್ರೆಯಲ್ಲೇ ತಳ್ಳಿಕೊಂಡು ಬರುವುದು. ಇವೆರಡನ್ನೂ ತಪ್ಪಿಸುವಂತೆ ಈ ವರದಿಗಳನ್ನು ಹೇಗೆ ಓದಬೇಕು, ರಕ್ತ ಕೊಡುವ ಮೊದಲು ಏನನ್ನು ಗಮನಿಸಬೇಕು, ಯಾವ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು, ಯಾವುದನ್ನು ಮಾಡಿಸಬೇಕಾಗಿಲ್ಲ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ರೋಗವನ್ನು ಗುರುತಿಸುವುದು ವೈದ್ಯರ ಕೆಲಸ. ಅವರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆ ರೋಗಿಗೂ ಮನೆಯವರಿಗೂ ಇರಬೇಕು ಎಂಬುದು ನನ್ನ ಉದ್ದೇಶ.

ಪರೀಕ್ಷೆ ಹುಡುಕುವುದು ಏನನ್ನು?

ರೋಗಾಣುಗಳನ್ನು ಹಿಡಿಯಲು ನಮ್ಮ ದೇಹ ತಯಾರಿಸುವ ಪ್ರೋಟೀನುಗಳೇ ಪ್ರತಿಕಾಯಗಳು. ಅವು ಪರಕೀಯ ವಸ್ತುವಿನ ಬದಲು ನಮ್ಮದೇ ಜೀವಕೋಶದ ಭಾಗಗಳಿಗೆ ಅಂಟಿಕೊಳ್ಳುವಂತಾದಾಗ ಅವನ್ನು ಸ್ವಪ್ರತಿಕಾಯಗಳು ಅಥವಾ ಆಟೋಆ್ಯಂಟಿಬಾಡಿಗಳು ಎನ್ನುತ್ತಾರೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಅವರ ಸಹೋದ್ಯೋಗಿಗಳು ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ, ಇದ್ದ ರೋಗಿಗಳ ಅಸ್ಥಿಮಜ್ಜೆಯಲ್ಲಿ ವಿಚಿತ್ರವಾದ ಬಿಳಿ ರಕ್ತಕಣಗಳನ್ನು ಕಂಡರು. ಅವು ಬೇರೊಂದು ಕೋಶದ ನ್ಯೂಕ್ಲಿಯಸ್ಸನ್ನೇ (ಕೋಶಕೇಂದ್ರವನ್ನೇ) ನುಂಗಿಕೊಂಡಿದ್ದವು. ಹಾಗಾಗುವುದಕ್ಕೆ ಕಾರಣ ರೋಗಿಯ ರಕ್ತದಲ್ಲಿದ್ದ, ನ್ಯೂಕ್ಲಿಯಸ್ಸಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಎಂಬುದು ಮುಂದಿನ ವರ್ಷಗಳಲ್ಲಿ ತಿಳಿದುಬಂತು. ಇಂದು ನಾವು ಎಎನ್‌ಎ ಎಂದು ಕರೆಯುವುದು ಇಂಥ ಪ್ರತಿಕಾಯಗಳ ಇಡೀ ಗುಂಪನ್ನು. ಅದು ಒಂದು ವಸ್ತುವಿನ ಹೆಸರಲ್ಲ, ಒಂದು ರೋಗದ ಹೆಸರಂತೂ ಅಲ್ಲವೇ ಅಲ್ಲ.

ಪರೀಕ್ಷೆ ನಡೆಯುವ ಬಗೆ ಗೊತ್ತಿದ್ದರೆ ವರದಿಯ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಹೆಪ್-2 ಎಂಬ ಮಾನವ ಜೀವಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಬೆಳೆಸಿ, ಅವುಗಳ ಮೇಲೆ ರೋಗಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಹಾಕುತ್ತಾರೆ. ಸೀರಂನಲ್ಲಿ ಸ್ವಪ್ರತಿಕಾಯಗಳಿದ್ದರೆ ಅವು ಆ ಕೋಶಗಳಿಗೆ ಅಂಟಿಕೊಳ್ಳುತ್ತವೆ. ಬಳಿಕ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯವನ್ನು ಹಾಕಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಂಟಿಕೊಂಡಿರುವಲ್ಲೆಲ್ಲ ಹಸಿರು ಹೊಳಪು ಕಾಣುತ್ತದೆ. ಸೀರಂ ಅನ್ನು 40 ಪಟ್ಟು, 80 ಪಟ್ಟು, 160 ಪಟ್ಟು, 320 ಪಟ್ಟು ಎಂದು ಪ್ರತಿಸಲ ಇಮ್ಮಡಿ ತೆಳುವಾಗಿಸುತ್ತ ಹೋಗಿ, ಹೊಳಪು ಕಾಣುವ ಕೊನೆಯ ಹಂತ ಯಾವುದೋ ಅದನ್ನು ಟೈಟರ್ ಎಂದು ಬರೆಯುತ್ತಾರೆ. ಆದ್ದರಿಂದ 1:640 ಎಂಬುದು 1:80ಕ್ಕಿಂತ ಬಲವಾದ ಫಲಿತಾಂಶ. ಆದರೆ ಹೊಳಪು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಬಹುಮಟ್ಟಿಗೆ ನೋಡುವವರ ಕಣ್ಣು. ಹೀಗಾಗಿ ಒಂದು ಕಡೆ 1:80, ಇನ್ನೊಂದು ಕಡೆ 1:160 ಎಂದು ಬಂದರೆ ರೋಗ ಇಮ್ಮಡಿಯಾಯಿತೆಂದು ಭಾವಿಸಬಾರದು. ಒಂದು ಹಂತದ ಏರುಪೇರು ಈ ಪರೀಕ್ಷೆಯ ಸ್ವಭಾವದಲ್ಲೇ ಇದೆ.

ಆರೋಗ್ಯವಂತರಲ್ಲಿ ಎಷ್ಟು ಜನರಿಗೆ?

ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯವಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 1997ರಲ್ಲಿ ಹಲವು ದೇಶಗಳ 15 ಪ್ರಯೋಗಾಲಯಗಳು ಸೇರಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು 32 ಜನರಿಗೆ 1:40ರಲ್ಲಿ, 13 ಜನರಿಗೆ 1:80ರಲ್ಲಿ, 5 ಜನರಿಗೆ 1:160ರಲ್ಲಿ, 3 ಜನರಿಗೆ 1:320ರಲ್ಲಿ ಎಎನ್‌ಎ ಪಾಸಿಟಿವ್ ಬರುತ್ತದೆ. ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಹೀಗಾಗುವುದು ಹೆಚ್ಚು. ಥೈರಾಯ್ಡ್ ತೊಂದರೆ ಇರುವವರಲ್ಲಿ, ಕ್ಷಯದಂಥ ದೀರ್ಘಕಾಲದ ಸೋಂಕು ಇರುವವರಲ್ಲಿ, ಲೂಪಸ್ ರೋಗಿಗಳ ರಕ್ತಸಂಬಂಧಿಗಳಲ್ಲಿ ಕೂಡ ಇದು ಕಾಣಿಸಿಕೊಳ್ಳುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಯಾವ ಲಕ್ಷಣವೂ ಇಲ್ಲದ ಸಾವಿರ ಜನರಿಗೆ ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಎಎನ್‌ಎ ಸೇರಿಸಿ ಪರೀಕ್ಷಿಸಿದೆವೆಂದೂ, ಅವರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ಲೂಪಸ್ ಇದೆಯೆಂದೂ ಇಟ್ಟುಕೊಳ್ಳಿ. 1:80ರ ಮಟ್ಟದಲ್ಲಿ ಈ ಪರೀಕ್ಷೆ ಲೂಪಸ್ ಇರುವ ನೂರರಲ್ಲಿ ಸುಮಾರು 98 ಜನರನ್ನು ಹಿಡಿಯುತ್ತದೆಯಾದ್ದರಿಂದ ಆ ಒಬ್ಬರು ಸಿಕ್ಕಿಬೀಳುತ್ತಾರೆ. ಆದರೆ ಅವರ ಜೊತೆಗೆ ರೋಗವಿಲ್ಲದ ಸುಮಾರು 130 ಜನರ ವರದಿಯಲ್ಲೂ ಪಾಸಿಟಿವ್ ಎಂದೇ ಇರುತ್ತದೆ. ಇದರ ಬದಲು, ಕೀಲು ಊತ, ಬಾಯಿಹುಣ್ಣು, ಬಿಸಿಲಿಗೆ ಏಳುವ ದದ್ದು, ಮೂತ್ರದಲ್ಲಿ ಪ್ರೋಟೀನು ಇವುಗಳಲ್ಲಿ ಕೆಲವನ್ನು ನೋಡಿ ವೈದ್ಯರೇ ಅನುಮಾನಪಟ್ಟು ಕಳುಹಿಸಿದ ಸಾವಿರ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ 200 ಜನರಿಗೆ ರೋಗವಿದೆ ಎನ್ನೋಣ. ಆಗ ಪಾಸಿಟಿವ್ ಬಂದ 300 ಜನರಲ್ಲಿ 196 ಜನ ನಿಜವಾದ ರೋಗಿಗಳು. ಪರೀಕ್ಷೆ ಅದೇ, ಸ್ಲೈಡು ಅದೇ, ಟೈಟರ್ ಅದೇ. ಅರ್ಥವನ್ನು ಬದಲಿಸಿದ್ದು ರಕ್ತ ಕೊಡುವ ಮೊದಲೇ ದೇಹದಲ್ಲಿ ಕಂಡ ಲಕ್ಷಣಗಳು. ಲಕ್ಷಣವಿಲ್ಲದವರಿಗೆ ಪ್ಯಾಕೇಜಿನಲ್ಲಿ ಈ ಪರೀಕ್ಷೆಯನ್ನು ಸೇರಿಸಿ ಮಾರುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುವುದು ಈ ಲೆಕ್ಕದಿಂದಲೇ.

ಹಾಗೆಂದು ಪಾಸಿಟಿವ್ ವರದಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸೈನಿಕರಿಂದ ಸಂಗ್ರಹಿಸಿ ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳನ್ನು ಹಿಂದಿರುಗಿ ನೋಡಿದಾಗ, ಮುಂದೆ ಲೂಪಸ್ ಬಂದ 130 ಜನರಲ್ಲಿ ಶೇಕಡಾ 88ರಷ್ಟು ಜನರ ರಕ್ತದಲ್ಲಿ ರೋಗ ಪತ್ತೆಯಾಗುವ ಮೊದಲೇ, ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮೊದಲೇ, ಒಂದಲ್ಲ ಒಂದು ಸ್ವಪ್ರತಿಕಾಯ ಇತ್ತು. ಆದ್ದರಿಂದ ಲಕ್ಷಣವಿಲ್ಲದೆ ಪಾಸಿಟಿವ್ ಬಂದವರು ವರದಿಯನ್ನು ಜೋಪಾನವಾಗಿಟ್ಟುಕೊಂಡು, ಒಮ್ಮೆ ಮೂತ್ರಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆ ಮಾಡಿಸಿಕೊಂಡು, ಹೊಸ ಲಕ್ಷಣ ಕಂಡರೆ ತಡಮಾಡದೆ ತೋರಿಸಿಕೊಂಡರೆ ಸಾಕು. ಔಷಧಿ ಬೇಕಾಗಿಲ್ಲ.

ರಕ್ತ ಕೊಡುವ ಮೊದಲು

ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಹೊಟ್ಟೆ ಖಾಲಿ ಇರಬೇಕಾಗಿಲ್ಲ. ಆದರೆ ತೆಗೆದುಕೊಳ್ಳುತ್ತಿರುವ ಔಷಧಿಗಳ ಪೂರ್ತಿ ಪಟ್ಟಿಯನ್ನು ವೈದ್ಯರಿಗೆ ಕೊಡಲೇಬೇಕು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರಾಲಜೀನ್, ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಇವು ಎಎನ್‌ಎ ಪಾಸಿಟಿವ್ ಆಗುವಂತೆ ಮಾಡಬಲ್ಲವು; ಅಪರೂಪಕ್ಕೆ ಲೂಪಸ್‌ನಂತಹ ಕಾಯಿಲೆಯನ್ನೇ ಹುಟ್ಟಿಸಬಲ್ಲವು. ಇದನ್ನು ಓದಿದ ಯಾರೂ ಕ್ಷಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಆ ತೀರ್ಮಾನ ವೈದ್ಯರದು. ಕೂದಲು ಉದುರುತ್ತದೆಂದು ಎಷ್ಟೋ ಜನ ತಿನ್ನುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಗಳನ್ನೂ ಕೆಲವು ಪ್ರತಿಕಾಯ ಪರೀಕ್ಷೆಗಳನ್ನೂ ತಪ್ಪುದಾರಿಗೆ ಎಳೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಪ್ರಯೋಗಾಲಯದವರನ್ನು ಮುಂಚೆಯೇ ಕೇಳಿಕೊಳ್ಳಿ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಗೆ ಮಾಡುವ ಟಿಟಿಜಿ ಎಂಬ ಪ್ರತಿಕಾಯ ಪರೀಕ್ಷೆಯ ಸಂಗತಿ ಬೇರೆ. ಗೋಧಿಯನ್ನು ಬಿಟ್ಟು ಕೆಲವು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಪ್ರತಿಕಾಯಗಳು ಇಳಿದುಹೋಗಿ, ರೋಗವಿದ್ದರೂ ನೆಗೆಟಿವ್ ಬರಬಹುದು. ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಉಪ್ಪಿಟ್ಟಿನ ರವೆ ಮಾತ್ರ ಗೋಧಿಯದೇ. ಆದ್ದರಿಂದ ಹೊಟ್ಟೆಯುಬ್ಬರಕ್ಕೆ ಹೆದರಿ ಚಪಾತಿ ಬಿಟ್ಟು ಮುದ್ದೆಗೆ ತಿರುಗಿದವರು ಆ ಸಂಗತಿಯನ್ನು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಮಾತು ವಿಧಾನದ ಬಗ್ಗೆ. ಎಎನ್‌ಎ ಪರೀಕ್ಷೆಯನ್ನು ಮೇಲೆ ವಿವರಿಸಿದ ಹೊಳಪಿನ ವಿಧಾನದಲ್ಲೂ ಮಾಡುತ್ತಾರೆ, ಯಂತ್ರ ಬಣ್ಣದ ಗಾಢತೆಯನ್ನು ಅಳೆಯುವ ಎಲೈಜಾ ವಿಧಾನದಲ್ಲೂ ಮಾಡುತ್ತಾರೆ. ಮೊದಲನೆಯದರ ವರದಿಯಲ್ಲಿ ಐಎಫ್‌ಎ ಅಥವಾ ಐಐಎಫ್ ಎಂದಿದ್ದು, ಟೈಟರ್ ಮತ್ತು ಪ್ಯಾಟರ್ನ್ ಎರಡೂ ಇರುತ್ತವೆ. ಎರಡನೆಯದರಲ್ಲಿ ಬರಿಯ ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ಸಂಧಿರೋಗ ತಜ್ಞರ ಸಂಘಟನೆ ಹೊಳಪಿನ ವಿಧಾನವನ್ನೇ ಮಾನದಂಡವೆಂದು ಒಪ್ಪಿಕೊಂಡಿದೆ. ಒಂದು ವಿಧಾನದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲವಾದ್ದರಿಂದ, ಮಾಡಿಸುವಾಗಲೇ ‘ಐಎಫ್‌ಎ, ಹೆಪ್-2’ ಎಂದು ಕೇಳಿ ಮಾಡಿಸುವುದು ಒಳ್ಳೆಯದು.

ಪ್ಯಾಟರ್ನ್ ಮತ್ತು ಪ್ರೊಫೈಲ್

ಹೊಳಪು ಕೋಶದ ಯಾವ ಭಾಗದಲ್ಲಿ, ಯಾವ ರೂಪದಲ್ಲಿ ಕಂಡಿತೆಂಬುದೇ ಪ್ಯಾಟರ್ನ್. ನ್ಯೂಕ್ಲಿಯಸ್ಸಿನ ತುಂಬ ಒಂದೇ ಸಮನೆ ಹೊಳೆದರೆ ಹೋಮೋಜೀನಿಯಸ್, ಚುಕ್ಕೆಚುಕ್ಕೆಯಾಗಿ ಹೊಳೆದರೆ ಸ್ಪೆಕಲ್ಡ್. ಮೊದಲನೆಯದು ಡಿಎನ್‌ಎ ಮತ್ತು ಹಿಸ್ಟೋನ್‌ಗೆ ಅಂಟುವ ಪ್ರತಿಕಾಯಗಳತ್ತ, ಎರಡನೆಯದು ಎಸ್‌ಎಂ, ಆರ್‌ಎನ್‌ಪಿ, ರೋ, ಲಾ ಎಂಬ ಪ್ರತಿಕಾಯಗಳತ್ತ ಬೆರಳು ತೋರುತ್ತವೆ. ತೋರುತ್ತವೆ ಅಷ್ಟೆ, ನಿರ್ಧರಿಸುವುದಿಲ್ಲ. ಸೆಂಟ್ರೋಮಿಯರ್ ಪ್ಯಾಟರ್ನ್ ಇದಕ್ಕಿಂತ ಹೆಚ್ಚು ಭಾರವುಳ್ಳದ್ದು: ಚಳಿಗೆ ಬೆರಳುಗಳು ಬಿಳುಚಿ, ನೀಲಿಯಾಗಿ, ಆಮೇಲೆ ಕೆಂಪಾಗುವವರಲ್ಲಿ ಇದು ಕಂಡರೆ, ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾದ ಒಂದು ಬಗೆಯನ್ನು ಗಂಭೀರವಾಗಿ ಹುಡುಕಲೇಬೇಕು. ಇದಕ್ಕೆ ವಿರುದ್ಧವಾಗಿ, ‘ಡೆನ್ಸ್ ಫೈನ್ ಸ್ಪೆಕಲ್ಡ್’ ಎಂಬ ಪ್ಯಾಟರ್ನ್ ಮಾತ್ರವೇ ಇದ್ದು, ಅದರ ಹಿಂದಿನ ಪ್ರತಿಕಾಯ ಡಿಎಫ್‌ಎಸ್70 ಒಂದೇ ಎಂದು ಖಚಿತವಾದರೆ ಸ್ವಲ್ಪ ನೆಮ್ಮದಿಪಡಬಹುದು, ಏಕೆಂದರೆ ಇದು ಆರೋಗ್ಯವಂತರಲ್ಲೇ ಹೆಚ್ಚಾಗಿ ಕಾಣುವಂಥದ್ದು. ಹೊಳಪು ನ್ಯೂಕ್ಲಿಯಸ್ಸಿನ ಹೊರಗೆ, ಸೈಟೋಪ್ಲಾಸಂನಲ್ಲಿ ಕಂಡಾಗ ಕೆಲವು ಪ್ರಯೋಗಾಲಯಗಳು ‘ಎಎನ್‌ಎ ನೆಗೆಟಿವ್’ ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಟಿಪ್ಪಣಿ ಕೊಡುತ್ತವೆ. ಸ್ನಾಯುಗಳಿಗೂ ಶ್ವಾಸಕೋಶಕ್ಕೂ ಸಂಬಂಧಿಸಿದ ಜೋ-1 ಪ್ರತಿಕಾಯ ಅಡಗಿರುವುದು ಅಲ್ಲೇ ಆದ್ದರಿಂದ ಆ ಸಣ್ಣಕ್ಷರವನ್ನು ಓದದೆ ಬಿಡಬೇಡಿ.

ಎಎನ್‌ಎ ಪಾಸಿಟಿವ್ ಬಂದು, ಲಕ್ಷಣಗಳೂ ಹೊಂದಿಕೊಂಡಾಗ ಮಾತ್ರ ಮುಂದಿನ ಹೆಜ್ಜೆಯಾಗಿ ಎಎನ್‌ಎ ಪ್ರೊಫೈಲ್ ಅಥವಾ ಬ್ಲಾಟ್ ಮಾಡಿಸುತ್ತಾರೆ. ಇದರಲ್ಲಿ ಹದಿನೈದು ಇಪ್ಪತ್ತು ಪ್ರತಿಕಾಯಗಳ ಹೆಸರಿನ ಮುಂದೆ ಒಂದು, ಎರಡು ಅಥವಾ ಮೂರು ಪ್ಲಸ್ ಗುರುತುಗಳಿರುತ್ತವೆ. ಅಷ್ಟೊಂದು ಹೆಸರುಗಳಲ್ಲಿ ಎಲ್ಲೋ ಒಂದರ ಮುಂದೆ ಒಂಟಿ ಪ್ಲಸ್ ಬಿದ್ದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ರೋ-52 ಒಂದೇ ಬಂದಾಗಲೂ ಅದು ಯಾವುದೇ ಒಂದು ರೋಗದ ಹೆಸರು ಹೇಳುವುದಿಲ್ಲ. ಎಸ್‌ಎಂ ಪ್ರತಿಕಾಯದ ಮಾತು ಬೇರೆ. ಲೂಪಸ್ ಇರುವವರಲ್ಲಿ ಕಡಿಮೆ ಜನರಲ್ಲಿ ಮಾತ್ರ ಅದು ಕಾಣಿಸುತ್ತದೆ, ಆದರೆ ಕಂಡಿತೆಂದರೆ ಬೇರೆ ಕಾಯಿಲೆಯ ಸಾಧ್ಯತೆ ತೀರ ಕಡಿಮೆಯಾಗುತ್ತದೆ. ಜೋಡಿ ಎಳೆಯ ಡಿಎನ್‌ಎಗೆ ಅಂಟುವ ಡಿಎಸ್‌ಡಿಎನ್‌ಎ ಪ್ರತಿಕಾಯ ಲೂಪಸ್‌ಗೆ ಅಷ್ಟೇ ಹತ್ತಿರದ್ದು, ಮತ್ತು ಅದಕ್ಕೆ ಇನ್ನೊಂದು ಉಪಯೋಗವೂ ಇದೆ: ಅನೇಕ ರೋಗಿಗಳಲ್ಲಿ ರೋಗ ಕೆರಳಿದಂತೆ ಅದು ಏರುತ್ತದೆ. ಅದು ಏರುತ್ತಿರುವಾಗಲೇ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಇಳಿಯುತ್ತಿದ್ದರೆ ಮೂತ್ರಪಿಂಡದ ಬಗ್ಗೆ ತಕ್ಷಣ ಎಚ್ಚರಗೊಳ್ಳಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸಾವಿರಾರು ರೂಪಾಯಿಯ ಪ್ರೊಫೈಲ್ ಮಾಡಿಸಿಕೊಂಡು, ತೀರ ಅಗ್ಗದ ಮೂತ್ರಪರೀಕ್ಷೆಯನ್ನು ಮಾತ್ರ ಬಿಟ್ಟುಬಿಟ್ಟವರನ್ನು ಕಂಡಾಗ ಮನಸ್ಸಿಗೆ ಬಹಳ ನೋವಾಗುತ್ತದೆ. ಲೂಪಸ್ ಮೂತ್ರಪಿಂಡವನ್ನು ಹಾಳುಮಾಡುವುದು ಮೊದಮೊದಲು ಯಾವ ನೋವೂ ಇಲ್ಲದೆ. ಮೂತ್ರದಲ್ಲಿ ಪ್ರೋಟೀನು ಮತ್ತು ರಕ್ತಕಣಗಳಿವೆಯೇ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಎಷ್ಟು, ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಎಎನ್‌ಎ ವರದಿಯನ್ನು ಎಷ್ಟು ಓದಿದರೂ ಅದು ಅರ್ಧ ಓದೇ. 2019ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರು ಸೇರಿ ರೂಪಿಸಿದ ಲೂಪಸ್ ಮಾನದಂಡದಲ್ಲೂ 1:80 ಅಥವಾ ಅದಕ್ಕಿಂತ ಬಲವಾದ ಎಎನ್‌ಎ ಕೇವಲ ಒಳಬರುವ ಬಾಗಿಲು. ಅದಕ್ಕೆ ಒಂದು ಅಂಕವೂ ಇಲ್ಲ. ಅಂಕಗಳು ಸಿಗುವುದು ಕೀಲು, ಚರ್ಮ, ಮೂತ್ರಪಿಂಡ, ರಕ್ತಕಣ, ನಿರ್ದಿಷ್ಟ ಪ್ರತಿಕಾಯ ಮುಂತಾದವುಗಳಿಗೆ, ಮತ್ತು ಒಟ್ಟು 10 ಅಂಕ ಆಗಬೇಕು.

ಕೀಲು ಊದಿದವರಿಗೆ: ಆರ್‌ಎಫ್ ಮತ್ತು ಸಿಸಿಪಿ

ರುಮಟಾಯ್ಡ್ ಸಂಧಿವಾತದ (ಸ್ವಪ್ರತಿಕಾಯಗಳ ಜೊತೆ ಕಾಣುವ ಕೀಲುರೋಗದ) ಅನುಮಾನವಿದ್ದಾಗ ಮಾಡುವುದು ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ಮತ್ತು ಆ್ಯಂಟಿ-ಸಿಸಿಪಿ ಎಂಬ ಎರಡು ಪ್ರತಿಕಾಯ ಪರೀಕ್ಷೆಗಳನ್ನು. ಆರ್‌ಎಫ್ ಹಳೆಯದು, ಹೆಪಟೈಟಿಸ್ ಸಿ, ಕ್ಷಯ, ಕುಷ್ಠ, ಹೃದಯದ ಕವಾಟದ ಸೋಂಕು ಇವುಗಳಲ್ಲೂ, ಬರಿಯ ವಯಸ್ಸಿನಿಂದಲೂ ಅದು ಪಾಸಿಟಿವ್ ಬರಬಲ್ಲದು. ಸಿಸಿಪಿ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. 2010ರ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಪ್ರಯೋಗಾಲಯದ ಮೇಲ್ಮಿತಿಯ ಮೂರು ಪಟ್ಟಿನವರೆಗೆ ಇದ್ದರೆ ಅಲ್ಪ ಪಾಸಿಟಿವ್, ಮೂರು ಪಟ್ಟನ್ನು ಮೀರಿದರೆ ಬಲವಾದ ಪಾಸಿಟಿವ್. ಆದ್ದರಿಂದ ಮೇಲ್ಮಿತಿ 20 ಇರುವ ಕಡೆ 24 ಎಂದು ಬಂದ ವರದಿಯನ್ನೂ 300 ಎಂದು ಬಂದ ವರದಿಯನ್ನೂ ಒಂದೇ ಎಂದು ಓದಬಾರದು.

ಕರ್ನಾಟಕದವರು ಇಲ್ಲಿ ಚಿಕುನ್‌ಗುನ್ಯವನ್ನು ನೆನಪಿನಲ್ಲಿಡಬೇಕು. 2006ರಲ್ಲಿ ರಾಜ್ಯದಲ್ಲಿ ಲಕ್ಷಗಟ್ಟಲೆ ಜನರನ್ನು ಮಲಗಿಸಿದ ಈ ಜ್ವರ ಈಗಲೂ ಮಳೆಗಾಲದಲ್ಲಿ ಮರಳಿ ಬರುತ್ತದೆ. ಜ್ವರ ಬಿಟ್ಟ ಮೇಲೂ ಕೈಬೆರಳು, ಮಣಿಕಟ್ಟು, ಕಾಲ್ಗಂಟುಗಳ ಊತ ತಿಂಗಳುಗಟ್ಟಲೆ ಉಳಿದು, ನೋಡಲು ರುಮಟಾಯ್ಡ್ ಸಂಧಿವಾತದಂತೆಯೇ ಕಾಣಿಸಬಹುದು. ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿತ್ತೇ, ಮನೆಯಲ್ಲಿ, ಬೀದಿಯಲ್ಲಿ ಬೇರೆಯವರಿಗೂ ಬಂದಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಎರಡೂ ನೆಗೆಟಿವ್ ಬಂದರೆ? ರುಮಟಾಯ್ಡ್ ಸಂಧಿವಾತ ಇರುವ ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಜನರ ರಕ್ತದಲ್ಲಿ ಈ ಎರಡೂ ಇರುವುದಿಲ್ಲ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿಯುತ್ತಿದ್ದರೆ, ಕೈಯ ಸಣ್ಣ ಕೀಲುಗಳು ಆರು ವಾರಕ್ಕೂ ಹೆಚ್ಚು ಕಾಲ ಊದಿಕೊಂಡಿದ್ದರೆ, ವರದಿ ಏನೇ ಹೇಳಲಿ, ರುಮಟಾಲಜಿಸ್ಟ್ (ಸಂಧಿರೋಗ ತಜ್ಞರ) ಬಳಿ ಹೋಗಬೇಕು. ಚಿಕಿತ್ಸೆ ತಡವಾದಷ್ಟೂ ಮೂಳೆ ಸವೆಯುತ್ತದೆ, ಸವೆದ ಮೂಳೆ ಮತ್ತೆ ಬೆಳೆಯುವುದಿಲ್ಲ.

ಬಸಿರಿಗೆ ಸಂಬಂಧಿಸಿದ ಎರಡು

ರೋ ಪ್ರತಿಕಾಯ ಇರುವ ತಾಯಿಗೆ ಸ್ವಂತಕ್ಕೆ ಯಾವ ತೊಂದರೆ ಇಲ್ಲದಿದ್ದರೂ ಆ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಲ್ಲಿ ಅದು ಹೃದಯದ ವಿದ್ಯುತ್ ದಾರಿಗೆ ಪೆಟ್ಟುಕೊಟ್ಟು ಹೃದಯಬಡಿತ ನಿಧಾನವಾಗುವಂತೆ ಮಾಡುತ್ತದೆ; ಹಿಂದಿನ ಮಗುವಿಗೆ ಹಾಗಾಗಿದ್ದರೆ ಮುಂದಿನ ಬಸಿರಿನಲ್ಲಿ ಈ ಸಾಧ್ಯತೆ ನೂರಕ್ಕೆ ಸುಮಾರು 16ರಿಂದ 18ಕ್ಕೆ ಏರುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಅದನ್ನು ತಗ್ಗಿಸಬಹುದು. ಆದ್ದರಿಂದ ರೋ ಪಾಸಿಟಿವ್ ಇರುವ ಹೆಂಗಸರು ಬಸಿರಾಗುವ ಯೋಚನೆ ಇದ್ದಾಗಲೇ ಈ ವರದಿಯನ್ನು ಪ್ರಸೂತಿ ವೈದ್ಯರಿಗೆ ತೋರಿಸಬೇಕು. ನಾಲ್ಕನೆಯ ತಿಂಗಳಿನಿಂದ ಮಗುವಿನ ಹೃದಯದ ಎಕೋ ಮಾಡಿಸಬೇಕೇ ಎಂದು ಕೇಳಬೇಕು.

ಇನ್ನೊಂದು, ಮತ್ತೆ ಮತ್ತೆ ಗರ್ಭಪಾತವಾದವರಿಗೂ ಚಿಕ್ಕ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟಿದವರಿಗೂ ಮಾಡುವ ಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಇದರಲ್ಲಿ ಮೂರು ಭಾಗಗಳಿವೆ: ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್, ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ಸೋಂಕಿನ ಕಾಲದಲ್ಲಿ ಇವು ತಾತ್ಕಾಲಿಕವಾಗಿ ಕಾಣಿಸಿಕೊಂಡು ಮಾಯವಾಗುವುದರಿಂದ, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಿದಾಗಲೂ ಪಾಸಿಟಿವ್ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಪಾರಿನ್, ವಾರ್ಫರಿನ್ ಮೊದಲಾದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳು ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ಪರೀಕ್ಷೆಯನ್ನು ಕೆಡಿಸುತ್ತವೆ. ಅವನ್ನು ತೆಗೆದುಕೊಳ್ಳುತ್ತಿರುವುದನ್ನು ರಕ್ತ ಕೊಡುವಾಗಲೇ ಚೀಟಿಯಲ್ಲಿ ಬರೆಸಬೇಕು.

ಯಾವುದನ್ನು ಮತ್ತೆ ಮಾಡಿಸಬೇಕು?

ಎಎನ್‌ಎ ಒಮ್ಮೆ ಪಾಸಿಟಿವ್ ಬಂದ ಮೇಲೆ ಆರು ತಿಂಗಳಿಗೊಮ್ಮೆ ಅದನ್ನು ಅಳೆಯುವುದರಿಂದ ಏನೂ ತಿಳಿಯುವುದಿಲ್ಲ. ಅದು ರೋಗದ ಏರಿಳಿತವನ್ನು ಹಿಂಬಾಲಿಸುವುದಿಲ್ಲ. ರೋಗನಿರ್ಣಯ ಆದ ಮೇಲೆ ಸಿಸಿಪಿಯನ್ನೂ, ಥೈರಾಯ್ಡಿನ ಟಿಪಿಒ ಪ್ರತಿಕಾಯವನ್ನೂ ಮತ್ತೆ ಮತ್ತೆ ಮಾಡಿಸಬೇಕಾಗಿಲ್ಲ; ಟಿಪಿಒ ಇರುವವರು ಕಾಲಕಾಲಕ್ಕೆ ನೋಡಿಸಬೇಕಾದ್ದು ಥೈರಾಯ್ಡಿನ ಕೆಲಸವನ್ನು ತೋರಿಸುವ ಟಿಎಸ್‌ಎಚ್. ಲೂಪಸ್ ಇರುವವರಲ್ಲಿ ಡಿಎಸ್‌ಡಿಎನ್‌ಎ, ಸಿ3, ಸಿ4, ಮೂತ್ರಪರೀಕ್ಷೆ ಇವು ಮತ್ತೆ ಮತ್ತೆ ಬೇಕಾಗುತ್ತವೆ, ಮತ್ತು ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ. ಮೊದಲು ನೆಗೆಟಿವ್ ಬಂದಿದ್ದ ಎಎನ್‌ಎಯನ್ನು ಹೊಸ ಲಕ್ಷಣಗಳು ಕಂಡಾಗ ಮತ್ತೊಮ್ಮೆ ಮಾಡಿಸುವುದು ತಪ್ಪಲ್ಲ.

ಮುಖ ಅಥವಾ ಪಾದ ಊದಿಕೊಂಡು ಮೂತ್ರದಲ್ಲಿ ನೊರೆ ಬರುವುದು, ಉಸಿರು ಕಟ್ಟುವುದು, ಕೆಮ್ಮಿದಾಗ ರಕ್ತ ಬರುವುದು, ಫಿಟ್ಸ್, ದೇಹದ ಒಂದು ಬದಿಯ ಬಲ ಹೋಗುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಪ್ರತಿಕಾಯದ ವರದಿಗಾಗಿ ಕಾಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಉಳಿದವರು ವೈದ್ಯರ ಭೇಟಿಗೆ ಮೊದಲು ಮೂರು ಸಿದ್ಧತೆ ಮಾಡಿಕೊಂಡಿರಲಿ. ಪೂರ್ತಿ ವರದಿಯನ್ನು, ಅಂದರೆ ಟೈಟರ್, ಪ್ಯಾಟರ್ನ್, ವಿಧಾನ, ಪ್ರಯೋಗಾಲಯದ ಮಿತಿ, ದಿನಾಂಕ ಎಲ್ಲವೂ ಇರುವ ಪುಟಗಳನ್ನು, ಒಂದು ಫೈಲಿನಲ್ಲಿ ಹಳೆಯದರಿಂದ ಹೊಸದರವರೆಗೆ ಜೋಡಿಸಿ. ಯಾವ ಲಕ್ಷಣ ಯಾವ ತಿಂಗಳಲ್ಲಿ ಶುರುವಾಯಿತು, ಎಷ್ಟು ದಿನ ಇತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ದದ್ದು ಎದ್ದ ದಿನ, ಬೆರಳು ಊದಿದ ದಿನ, ಚಳಿಗೆ ಬೆರಳು ಬಿಳುಚಿದ ಕ್ಷಣ, ಬೆಳಕಿನಲ್ಲಿ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ವೈದ್ಯರ ಮುಂದೆ ಕೂರುವ ದಿನ ಅವು ಮಾಯವಾಗಿರುವುದೇ ಹೆಚ್ಚು.